ಹಂಸಗಳ ಕೊಳಕ್ಕೆ ಬಂದ ಕಾಡುಕಾಗೆ

ಕುರುಕ್ಷೇತ್ರದಲ್ಲಿ ಕರ್ಣನ ರಥ ಹೊಡೆಯಲು ಕೂತ ಶಲ್ಯ ಕುದುರೆಗಳಿಗಿಂತ ಹೆಚ್ಚಾಗಿ ನಾಲಿಗೆಯನ್ನು ಓಡಿಸಿದ. ಬಾಣಗಳ ನಡುವೆ ಬಿಡುವು ಮಾಡಿಕೊಂಡು ಅವನು ಹೇಳಿದ್ದು ಕಾಗೆ ಮತ್ತು ಹಂಸದ ಕಥೆ. ಎಂಜಲು ತಿಂದು ಕೊಬ್ಬಿದ ಕಾಗೆಯೊಂದು ಹಂಸದ ಜೊತೆ ಹಾರುವ ಪಂಥ ಕಟ್ಟಿ, ಸಮುದ್ರದ ಮೇಲೆ ರೆಕ್ಕೆ ಸೋತು, ಕಡೆಗೆ ಕಾಪಾಡಪ್ಪಾ ಎಂದು ಹಂಸಕ್ಕೇ ಮೊರೆಯಿಟ್ಟಿತಂತೆ. ಕಥೆಯ ನೀತಿ ಸರಳ. ಎಲೈ ಸೂತಪುತ್ರ, ಬಾಣ ಬಿಡುವ ಮೊದಲು ನಿನ್ನ ಹುಟ್ಟು ನೆನಪಿಟ್ಟುಕೋ.

ಗಮನಿಸಿ, ಈ ಕಥೆ ಹೇಳಿದ್ದು ಕಾಗೆಯೂ ಅಲ್ಲ, ಹಂಸವೂ ಅಲ್ಲ. ಲಗಾಮು ಹಿಡಿದು ಮುಂದೆ ಕೂತಿದ್ದ ಸಾರಥಿ. ಲೋಕದಲ್ಲಿ ಇಂಥ ಸಾರಥಿಗಳಿಗೆ ಬರವಿಲ್ಲ. ಬ್ಯಾಲೆ ಎಂಬ ಕಲೆಯಲ್ಲಂತೂ ಅವರದೇ ಒಂದು ಪರಂಪರೆಯಿದೆ.

1935ರ ಫೆಬ್ರವರಿ 2ರಂದು ನ್ಯೂಯಾರ್ಕಿನಲ್ಲಿ ಒಬ್ಬ ಹಲ್ಲಿನ ಡಾಕ್ಟರರಿಗೆ ಹೆಣ್ಣುಮಗು ಹುಟ್ಟಿತು. ಹೆಸರು ಆನ್ ರೇವನ್ ವಿಲ್ಕಿನ್ಸನ್. ರೇವನ್ ಅಂದರೆ ಕಾಡುಕಾಗೆ. ಬ್ಯಾಲೆಯಲ್ಲಿ ಹುಡುಗಿಯರು ಮುಂದೆ ಹಂಸವಾಗಬೇಕಾಗುತ್ತದೆ ಎಂಬ ಕಟ್ಟಳೆ ಅಪ್ಪ-ಅಮ್ಮನಿಗೆ ಮೊದಲೇ ಗೊತ್ತಿದ್ದಿದ್ದರೆ ಶ್ವೇತಾ ಎಂದೋ ಧವಳಾ ಎಂದೋ ಕರೆದು ಮುಂದಿನ ರಗಳೆ ತಪ್ಪಿಸುತ್ತಿದ್ದರೇನೋ. ಅವರ ತಪ್ಪು ಅದೊಂದೇ ಅಲ್ಲ. ಅವರು ಕಪ್ಪು ಜನ. ಅದರ ಮೇಲೆ, ಐದು ವರ್ಷದ ಮಗಳನ್ನು ಕೈಹಿಡಿದು ಬ್ಯಾಲೆ ನೋಡಲು ಬೇರೆ ಕರೆದುಕೊಂಡು ಹೋದರು. ಬ್ಯಾಲೆ ರೂಸ್ ದ ಮಾಂಟೆ ಕಾರ್ಲೊ ಕಂಪನಿಯ 'ಕೊಪೇಲಿಯಾ' ಅದು. ವಾದ್ಯಮೇಳ ಶುರುವಾಗುತ್ತಿದ್ದಂತೆ ಹುಡುಗಿ ಎದೆ ತುಂಬಿ ಅತ್ತಳಂತೆ. ಒಂಬತ್ತನೆಯ ಹುಟ್ಟುಹಬ್ಬಕ್ಕೆ ಮಾವನೊಬ್ಬ ಬ್ಯಾಲೆ ಪಾಠದ ಶುಲ್ಕವನ್ನೇ ಉಡುಗೊರೆ ಕೊಟ್ಟ. ಬೊಂಬೆ ಕೊಡುವುದು ಬಿಟ್ಟು ಮಕ್ಕಳಿಗೆ ಇಂಥದ್ದನ್ನು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಈ ಲೇಖನವೇ ಸಾಕ್ಷಿ.

ಹುಡುಗಿ ಕಣ್ಣಿಟ್ಟದ್ದು ಆ ಅಳಿಸಿದ ಕಂಪನಿಯ ಮೇಲೆಯೇ. ಆ ಕಂಪನಿಯ ಜಾತಕ ಸ್ವಲ್ಪ ನೋಡಬೇಕು. ಹೆಸರು ಫ್ರೆಂಚ್, ಅರ್ಥ ರಷ್ಯನ್, ವಿಳಾಸ ಮೊನಾಕೊದ್ದು, ಠಿಕಾಣಿ ಅಮೆರಿಕದಲ್ಲಿ. ಆ ಕಾಲದ ಬ್ಯಾಲೆಯಲ್ಲಿ ಮೇಲೇರಬೇಕಾದರೆ ಹೆಸರು ರಷ್ಯನ್ ಥರ ಕೇಳಿಸಬೇಕಿತ್ತು. ಹಾಗಾಗಿ ಲಂಡನ್ನಿನ ಲಿಲಿಯನ್ ಅಲಿಸಿಯಾ ಮಾರ್ಕ್ಸ್ ಒಂದು ದಿನ ಅಲಿಸಿಯಾ ಮಾರ್ಕೋವಾ ಆಗಿ ಎದ್ದರು. ಹಿಲ್ಡಾ ಮನ್ನಿಂಗ್ಸ್ ಎಂಬ ಇಂಗ್ಲಿಷ್ ಹುಡುಗಿ ಲಿಡಿಯಾ ಸೊಕೊಲೋವಾ ಆದಳು. ಸಿಡ್ನಿ ಹೀಲಿ-ಕೇ ಎಂಬಾತ ಆಂಟನ್ ಡೋಲಿನ್ ಆದ. ಅಮೆರಿಕದ ಓಸೇಜ್ ಬುಡಕಟ್ಟಿನ ಮರಿಯಾ ಟಾಲ್‌ಚೀಫ್‌ಗೆ, ಬಾಲಕ್ಕೊಂದು 'ಏವಾ' ಅಂಟಿಸಿ ಟಾಲ್‌ಚೀಯೇವಾ ಆಗು ಎಂದರು. ಆಕೆ ಒಪ್ಪಲಿಲ್ಲ. ಹಟಮಾರಿ ಹೆಂಗಸು.

ಅಂದರೆ, ಹುಟ್ಟಿದ ಊರಿನ ಬಗ್ಗೆ ರಾಜಾರೋಷವಾಗಿ ಸುಳ್ಳು ಹೇಳುವುದು ಈ ಮನೆತನದಲ್ಲಿ ಕುಲಾಚಾರ. ಹಾಗಿರುವಾಗ ಹುಟ್ಟಿದ ಚರ್ಮದ ಬಗ್ಗೆ ಒಂದು ಚಿಕ್ಕ ಸುಳ್ಳು ಹೇಳಿದರೆ ಯಾರ ಗಂಟು ಹೋಗುತ್ತದೆ?

ಇದೇ ಪ್ರಶ್ನೆಯನ್ನು ಕಂಪನಿ ಮೊದಲೇ ಒಬ್ಬಳಿಗೆ ಕೇಳಿತ್ತು. 1930ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹದಿಹರೆಯದ ಜಾನೆಟ್ ಕಾಲಿನ್ಸ್ ಎಂಬ ಕಪ್ಪು ಹುಡುಗಿ ಬ್ಯಾಲೆ ರೂಸ್‌ನ ಆಡಿಷನ್ನಿಗೆ ಬಂದಳು. ನೃತ್ಯ ನೋಡಿದ ನೃತ್ಯ ಸಂಯೋಜಕ ಲಿಯೋನಿದ್ ಮಾಸಿನ್ ಮೆಚ್ಚಿದರು. ಮೆಚ್ಚಿದ ಮೇಲೆ ವಿಷಯಕ್ಕೆ ಬಂದರು: ಸೇರಿಸಿಕೊಳ್ಳಬಹುದು, ಆದರೆ ಮುಖಕ್ಕೆ ಬಿಳಿ ಬಳಿಯಬೇಕಾಗುತ್ತದೆ. ಹುಡುಗಿ ಒಲ್ಲೆ ಎಂದಳು. ಮನೆಗೆ ಹೋಗಿ ಅತ್ತಳು, ಆಮೇಲೆ ಅಭ್ಯಾಸ ಮುಂದುವರಿಸಿದಳು. 1951ರ ನವೆಂಬರಿನಲ್ಲಿ ಅದೇ ಹುಡುಗಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ 'ಐದಾ'ದೊಳಗೆ ಪ್ರಧಾನ ನರ್ತಕಿಯಾಗಿ ಕಾಣಿಸಿಕೊಂಡಳು. ಆ ರಂಗದ ಮೇಲೆ ಕಪ್ಪು ಗಾಯಕಿ ಮರಿಯನ್ ಆಂಡರ್ಸನ್ ಬಾಯಿ ತೆರೆಯಲು ಇನ್ನೂ ಮೂರು ವರ್ಷ ಕಾಯಬೇಕಿತ್ತು. 'ಐದಾ' ಈಜಿಪ್ಟಿನ ಕಥೆ ನೋಡಿ, ಆಫ್ರಿಕದ ಕಥೆಗೆ ಕಪ್ಪು ಮೈ ನಡೆಯುತ್ತದೆ. ಆದರೂ ಆಪೆರಾದವರು ದಕ್ಷಿಣದ ರಾಜ್ಯಗಳಿಗೆ ತಿರುಗಾಟ ಹೊರಟಾಗ ಕಾಲಿನ್ಸ್ ಬದಲಿಗೆ ಬೇರೆಯವರು ಕುಣಿದರು. ಕಪ್ಪು-ಬಿಳುಪು ಒಂದೇ ರಂಗದ ಮೇಲೆ ಕುಣಿಯಬಾರದೆಂದು ಅಲ್ಲಿ ಕಟ್ಟಳೆ. ಬ್ಯಾಲೆಯವರನ್ನು ಯಾಕೆ ದೂರುತ್ತೀರಿ, ಅವರು ಕಾನೂನು ಪಾಲಿಸುವ ಸಜ್ಜನರು.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ರೇವನ್ ಆಡಿಷನ್ನಿಗೆ ಹೋದಳು. ಒಂದು ಸಲ ಇಲ್ಲ ಅಂದರು. ಮತ್ತೊಮ್ಮೆ ಹೋದಳು, ಇಲ್ಲ ಅಂದರು. ನಿನ್ನನ್ನು ತೆಗೆದುಕೊಳ್ಳಲಾರರು, ದಕ್ಷಿಣಕ್ಕೆಲ್ಲ ತಿರುಗಾಟ ಇರುತ್ತದಲ್ಲ ಎಂದು ಜೊತೆಯ ಹುಡುಗಿಯೊಬ್ಬಳು ಮೆಲ್ಲಗೆ ಕಾರಣ ತಿಳಿಸಿದಳು. ರೇವನ್ ಮೂರನೆಯ ಸಲವೂ ಹೋದಳು. 1955ರಲ್ಲಿ ನಿರ್ದೇಶಕ ಸೆರ್ಗೈ ಡೆನ್ಹಮ್ ಸೇರಿಸಿಕೊಂಡರು. ಅಮೆರಿಕದ ದೊಡ್ಡ ಬ್ಯಾಲೆ ಕಂಪನಿಯೊಂದರ ಪೂರ್ಣಾವಧಿ ಒಪ್ಪಂದಕ್ಕೆ ಸಹಿ ಹಾಕಿದ ಮೊದಲ ಕಪ್ಪು ಮಹಿಳೆ, ವಯಸ್ಸು ಇಪ್ಪತ್ತು.

ಕಂಪನಿ ಧೈರ್ಯ ಮಾಡಿದ್ದಕ್ಕೆ ಒಂದು ತಾಂತ್ರಿಕ ಅನುಕೂಲವೂ ಇತ್ತು. ರೇವನ್ ಬಣ್ಣ, ನಮ್ಮ ವಧುವರರ ಜಾಹೀರಾತಿನ ಭಾಷೆಯಲ್ಲಿ ಹೇಳುವುದಾದರೆ, ಗೋಧಿವರ್ಣ. ಪೌಡರು ಹಚ್ಚಿ ದೂರದಿಂದ ನೋಡಿದರೆ ಸಾಗುತ್ತದೆ. ಹುಟ್ಟಿನ ವಿಷಯ ತಾನಾಗಿ ಎತ್ತಬಾರದು, ಎತ್ತಿದರೆ ಮುಚ್ಚಬೇಕು ಎಂಬುದು ವ್ಯವಸ್ಥೆ. ನಮ್ಮಲ್ಲಿ ರಂಗಕ್ಕೆ ಬರುವವರೆಲ್ಲ 'ಬಣ್ಣ ಹಚ್ಚುತ್ತಾರೆ', ಆಟ ಮುಗಿದ ಮೇಲೆ ಚೌಕಿಯಲ್ಲಿ ಕೂತು ಬಣ್ಣ ತೆಗೆಯುತ್ತಾರೆ. ರೇವನ್‌ಗೆ ಬಣ್ಣ ಹಚ್ಚುವುದು ಮಾತ್ರ ಕಡ್ಡಾಯ. ಬಣ್ಣ ತೆಗೆದ ಮೇಲೆ ಉಳಿಯುವ ಬಣ್ಣದ್ದೇ ತಾಪತ್ರಯ.

ಆಕೆಯದೂ ಒಂದು ಹಟವಿತ್ತು. ನಾನಾಗಿ ಡಂಗುರ ಸಾರುವುದಿಲ್ಲ, ಯಾರಾದರೂ ಎದುರು ನಿಂತು ಕೇಳಿದರೆ ಸುಳ್ಳೂ ಹೇಳುವುದಿಲ್ಲ. ಸುಳ್ಳೇ ಮನೆದೇವರಾದ ಕಂಪನಿಯೊಳಗೆ ಈ ಒಬ್ಬಳು ಹರಿಶ್ಚಂದ್ರನ ವ್ರತ ಹಿಡಿದು ಕೂತರೆ ಏನಾಗಬೇಕೋ ಅದೇ ಆಯಿತು.

ಎರಡು ವರ್ಷ ಹೇಗೋ ಸಾಗಿತು. 1957ರಲ್ಲಿ ಅಟ್ಲಾಂಟಾದ ಹೋಟೆಲಿನವರು ಎದುರು ನಿಂತು ಕೇಳಿಯೇಬಿಟ್ಟರು. ರೇವನ್ ಹೌದು ಎಂದರು. ಸರಿ, ಗಂಟುಮೂಟೆ ಕಟ್ಟಿಸಿ 'ಬಣ್ಣದವರ' ಟ್ಯಾಕ್ಸಿಯಲ್ಲಿ 'ಬಣ್ಣದವರ' ವಸತಿಗೆ ಕಳಿಸಿದರು. ಅಲ್ಲಿನ ಲೆಕ್ಕದಲ್ಲಿ ಬಿಳಿ ಎಂಬುದು ಬಣ್ಣವೇ ಅಲ್ಲ, ಮಿಕ್ಕವರೆಲ್ಲ ಬಣ್ಣದವರು. ಬಿಳಿಯೊಳಗೆ ಏಳೂ ಬಣ್ಣ ಅಡಗಿವೆ ಎಂದು ನ್ಯೂಟನ್ ತೋರಿಸಿ ಇನ್ನೂರೈವತ್ತು ವರ್ಷ ದಾಟಿತ್ತು, ಸುದ್ದಿ ಇನ್ನೂ ಜಾರ್ಜಿಯಾ ರಾಜ್ಯಕ್ಕೆ ತಲುಪಿರಲಿಲ್ಲ.

ಆಮೇಲೆ ಅಲಬಾಮಾದ ಮಾಂಟ್ಗೊಮರಿ. ಬಸ್ಸಿನ ಸೀಟು ಬಿಟ್ಟುಕೊಡಲು ರೋಸಾ ಪಾರ್ಕ್ಸ್ ಒಲ್ಲೆ ಎಂದದ್ದು ಇದೇ ಊರಿನಲ್ಲಿ, ರೇವನ್ ಕಂಪನಿ ಸೇರಿದ ವರ್ಷದ ಡಿಸೆಂಬರಿನಲ್ಲಿ. ನರ್ತಕರ ಬಸ್ಸು ಊರೊಳಗೆ ಬಂದ ದಿನ, ಕಪ್ಪು ಜನರನ್ನು ಬೆದರಿಸುವುದೇ ಕಸುಬಾದ ಕು ಕ್ಲಕ್ಸ್ ಕ್ಲಾನ್‌ನವರ ಜಾತ್ರೆ ನಡೆದಿತ್ತು. ಬೀದಿ ತುಂಬ ಬಿಳಿ ನಿಲುವಂಗಿ, ಬಿಳಿ ಮುಸುಕು. ಹೋಟೆಲಿನ ಊಟದ ಮನೆಗೆ ಹೋದರೆ ಅಲ್ಲಿ ಹೆಂಡತಿ-ಮಕ್ಕಳ ಜೊತೆ ಕೂತು ಊಟ ಮಾಡುತ್ತಿದ್ದ ಒಳ್ಳೊಳ್ಳೆಯ ಸಂಸಾರಸ್ಥರು. ಎಷ್ಟು ಚೆಂದದ ಸಂಸಾರಗಳು ಅಂದುಕೊಳ್ಳುವಷ್ಟರಲ್ಲಿ ಕುರ್ಚಿಯ ಮೇಲೆ ರಾಶಿ ಹಾಕಿದ್ದ ನಿಲುವಂಗಿಗಳು ರೇವನ್ ಕಣ್ಣಿಗೆ ಬಿದ್ದವು. ಅಲ್ಲಿಯೇ ಒಮ್ಮೆ ಇಬ್ಬರು ರಂಗದ ಮೇಲಕ್ಕೇ ನುಗ್ಗಿ, ಆ ಕಪ್ಪು ಹುಡುಗಿ ಎಲ್ಲಿ ಎಂದು ಕೇಳಿದರು. ಇಡೀ ತಂಡ ಕಲ್ಲುಬೊಂಬೆಯ ಹಾಗೆ ನಿಂತಿತು. ಯಾರೂ ತುಟಿ ಬಿಚ್ಚಲಿಲ್ಲ. ಬ್ಯಾಲೆಯವರಿಗೆ ಮಾತಿಲ್ಲದೆ ಅಭಿನಯಿಸುವ ತರಬೇತಿ ಇರುತ್ತದೆ. ಅದು ನಿಜವಾಗಿ ಉಪಯೋಗಕ್ಕೆ ಬಂದ ಸಂದರ್ಭ ಇದೊಂದು, ಇಲ್ಲಿ ವ್ಯಂಗ್ಯವಿಲ್ಲದೆ ಕೈಮುಗಿಯುತ್ತೇನೆ.

ಆ ರಾತ್ರಿ ರೇವನ್ ಕುಣಿಯಲಿಲ್ಲ, ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ಅತ್ತ ರಂಗದ ಮೇಲೆ ಬಿಳಿ ಉಡುಪು, ಇತ್ತ ಬೀದಿಯಲ್ಲೂ ಬಿಳಿ ಉಡುಪು. ಎರಡಕ್ಕೂ ಶುಭ್ರತೆಯೇ ಮುಖ್ಯ. ಎರಡೂ ಕಡೆ ಸಾಲು ತಪ್ಪಬಾರದು, ಒಬ್ಬರಂತೆ ಇನ್ನೊಬ್ಬರು ಕಾಣಬೇಕು, ನಡುವೆ ಬೇರೆ ಬಣ್ಣ ಕಂಡರೆ ನೋಟ ಕೆಡುತ್ತದೆ. ವ್ಯತ್ಯಾಸವೆಂದರೆ ಒಬ್ಬರು ತುದಿಬೆರಳ ಮೇಲೆ ನಿಲ್ಲುತ್ತಾರೆ.

ಇಷ್ಟರ ನಡುವೆಯೂ ಆಕೆ ಕುಣಿದರು. ಎರಡನೆಯ ವರ್ಷಕ್ಕೇ ಬಡ್ತಿ ಸಿಕ್ಕಿ, 'ಲೇ ಸಿಲ್ಫೀಡ್'ನ ವಾಲ್ಟ್ಸ್ ಒಂಟಿನೃತ್ಯ ಆಕೆಯದಾಯಿತು. ಸಿಲ್ಫ್ ಅಂದರೆ ಗಾಳಿಯಲ್ಲಿ ತೇಲುವ ಬಿಳಿಯ ವನದೇವತೆ. ವನದೇವತೆಯವರೆಗೆ ತೊಂದರೆಯಿಲ್ಲ. ಮುಂದಿನ ಮೆಟ್ಟಿಲು ಹಂಸರಾಣಿ.

ಅಲ್ಲಿ ಶಲ್ಯ ಬಾಯಿ ತೆರೆದ. ಈ ಸಲ ಹೆಣ್ಣು ವೇಷ. ರೇವನ್ ಮುಂದೆ ಹೇಳಿಕೊಂಡ ಪ್ರಕಾರ, ನೃತ್ಯಶಿಕ್ಷಕಿಯೊಬ್ಬರು ಪಕ್ಕಕ್ಕೆ ಕರೆದು ಹಿತವಚನ ನುಡಿದರು: ಇಲ್ಲಿ ನೀನು ಏರಬಹುದಾದಷ್ಟು ಏರಿದ್ದಾಯಿತು, ಬಿಳಿ ಹಂಸದ ವೇಷಕ್ಕೆ ಕಪ್ಪು ಹುಡುಗಿಯನ್ನು ನಿಲ್ಲಿಸಲಾಗುತ್ತದೆಯೇ, ಹೋಗಿ ಒಂದು ಆಫ್ರಿಕನ್ ನೃತ್ಯದ ಶಾಲೆ ತೆರೆ. ಒಂಬತ್ತನೆಯ ವಯಸ್ಸಿನಿಂದ ಚೈಕೋವ್ಸ್ಕಿಗೆ ಕಾಲು ಎತ್ತಿದವರಿಗೆ ಆಫ್ರಿಕನ್ ನೃತ್ಯ ಎಲ್ಲಿಂದ ಬರಬೇಕು ಎಂದು ಕೇಳಬೇಡಿ. ಬಣ್ಣದಲ್ಲೇ ಬಂದಿರುತ್ತದಲ್ಲ.

ಆ ಶಿಕ್ಷಕಿಯ ವಾದದಲ್ಲಿ ತರ್ಕವಿಲ್ಲವೆನ್ನಬೇಡಿ. 'ಸ್ವಾನ್ ಲೇಕ್' ನೋಡಲು ಬರುವ ಪ್ರೇಕ್ಷಕ ಏನೇನು ನಂಬುತ್ತಾನೆ ನೋಡಿ. ಮಾಂತ್ರಿಕನೊಬ್ಬ ಹುಡುಗಿಯರನ್ನು ಹಕ್ಕಿ ಮಾಡಿದ, ನಂಬುತ್ತಾನೆ. ಅವು ರಾತ್ರಿಯಾದರೆ ಮನುಷ್ಯರಾಗುತ್ತವೆ, ನಂಬುತ್ತಾನೆ. ರಾಜಕುಮಾರ ಆಯ್ದು ಆಯ್ದು ಹಕ್ಕಿಯನ್ನೇ ಪ್ರೀತಿಸಿದ, ಅದನ್ನೂ ನಂಬುತ್ತಾನೆ. ಅದೇ ಹಕ್ಕಿಯ ಕೆನ್ನೆ ಒಂದು ಪಾವು ಕಪ್ಪಾಗಿದ್ದರೆ ಮಾತ್ರ, ಛೇ, ಸಹಜತೆ ಕೆಟ್ಟಿತು ಎಂದು ಎದ್ದು ಹೋಗುತ್ತಾನೆ. ಇನ್ನು ಅದೇ ಕಥೆಯಲ್ಲಿ ಕಪ್ಪು ಹಂಸವೂ ಒಂದಿದೆಯಲ್ಲ, ಒಡೀಲ್ ಎಂಬ ವಂಚಕಿ, ಅದನ್ನಾದರೂ ಕೊಡಬಹುದಿತ್ತಲ್ಲ ಎಂದರೆ, ಬಿಳಿ ಹಂಸದವಳೇ ಬಟ್ಟೆ ಬದಲಿಸಿ ಅದನ್ನೂ ಆಡುವುದು ಸಂಪ್ರದಾಯ. ಕಪ್ಪಿನ ಪಾತ್ರಕ್ಕೂ ಬಿಳಿಯವರೇ ಬೇಕು.

1961ರಲ್ಲಿ ರೇವನ್ ಕಂಪನಿ ಬಿಟ್ಟರು. ಅಮೆರಿಕದ ಇತರ ಕಂಪನಿಗಳ ಬಾಗಿಲು ತಟ್ಟಿದರು, ಯಾರೂ ತೆರೆಯಲಿಲ್ಲ. ಕಡೆಗೆ ವಿಸ್ಕಾನ್ಸಿನ್‌ನ ಒಂದು ಕಾನ್ವೆಂಟಿಗೆ ಹೋಗಿ ಆರು ತಿಂಗಳು ಇದ್ದರು. ದೇವರು ಆಡಿಷನ್ ಕೇಳಲಿಲ್ಲ. ಆದರೂ ಕಾಲು ಸುಮ್ಮನಿರಲಿಲ್ಲ. ಹೊರಗೆ ಬಂದರು. ಹಾಲೆಂಡಿನಲ್ಲಿ ಕುಣಿಯುತ್ತಿದ್ದ ಸಿಲ್ವೆಸ್ಟರ್ ಕ್ಯಾಂಬೆಲ್ ಎಂಬ ಕಪ್ಪು ಅಮೆರಿಕನ್ ನರ್ತಕ ಇಲ್ಲಿಗೇ ಬಾ ಎಂದು ಕರೆದ. 1960ರ ದಶಕದ ಉತ್ತರಾರ್ಧದಲ್ಲಿ ರೇವನ್ ಡಚ್ ನ್ಯಾಷನಲ್ ಬ್ಯಾಲೆ ಸೇರಿ, ಸುಮಾರು ಏಳು ವರ್ಷ ಕುಣಿದರು. ಡಚ್ಚರ ಸರೋವರದ ಹಂಸಗಳು ಎಚ್ಚರ ತಪ್ಪಿ ಬೀಳಲಿಲ್ಲ, ಪ್ರೇಕ್ಷಕರು ಟಿಕೆಟ್ಟಿನ ದುಡ್ಡು ವಾಪಸು ಕೇಳಲಿಲ್ಲ. ಶಲ್ಯನ ಕಥೆಯಲ್ಲಿ ಸಮುದ್ರ ದಾಟಲಾರದೆ ಸೋತದ್ದು ಕಾಗೆ. ಈ ಕಥೆಯಲ್ಲಿ ಕಾಗೆ ಅಟ್ಲಾಂಟಿಕ್ ದಾಟಿ ಆಚೆ ದಡದಲ್ಲಿ ಕೆಲಸಕ್ಕೂ ಸೇರಿಕೊಂಡಿತು. ಪುರಾಣಿಕರು ತಿದ್ದಿಕೊಳ್ಳಬೇಕು.

ಬ್ಯಾಲೆಯವರಿಗೆ ಕಪ್ಪು ಬಣ್ಣ ಕಂಡರೆ ಆಗುವುದೇ ಇಲ್ಲ ಎಂದು ನೀವು ತೀರ್ಮಾನಿಸುವ ಮೊದಲು ಅವರ ಪರವಾಗಿ ಒಂದು ಸಾಕ್ಷ್ಯ ಹೇಳಬೇಕು. ನಮ್ಮ ದೇಶದ್ದೇ. 1877ರಲ್ಲಿ ಮಾರಿಯಸ್ ಪೆಟಿಪಾ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 'ಲಾ ಬಯಾಡೇರ್' ಎಂಬ ಬ್ಯಾಲೆ ಕಟ್ಟಿದರು. ಬಯಾಡೇರ್ ಅಂದರೆ ದೇವದಾಸಿ. ರಾಜ ಗೋಲ್ಕೊಂಡದವನು, ನಾಯಕಿ ನಿಕಿಯಾ ಗುಡಿಯ ನರ್ತಕಿ, ಜೊತೆಗೆ ಒಬ್ಬ ಮುಖ್ಯ ಬ್ರಾಹ್ಮಣ, ಒಬ್ಬ ಫಕೀರ, ಹೂಬುಟ್ಟಿಯಲ್ಲಿ ಒಂದು ಹಾವು. ಭಾರತವೆಂದರೆ ಇನ್ನೇನು ಬೇಕು? ಈ ಬ್ಯಾಲೆಗಾಗಿ ಬಿಳಿ ನರ್ತಕರು ಕಂದು ಬಣ್ಣ, ಕಪ್ಪು ಬಣ್ಣ ಪ್ರೀತಿಯಿಂದ ಬಳಿದುಕೊಂಡು ಬಂದಿದ್ದಾರೆ. 2019ರಲ್ಲೂ, ಇದರ ವೇಷಕ್ಕೆ ಮುಖ-ಮೈಗೆಲ್ಲ ಮಸಿ ಮೆತ್ತಿಕೊಂಡ ರಷ್ಯದ ಇಬ್ಬರು ಹುಡುಗಿಯರ ಚಿತ್ರವನ್ನು ಅಮೆರಿಕದ ಕಪ್ಪು ನರ್ತಕಿ ಮಿಸ್ಟಿ ಕೋಪ್ಲೆಂಡ್ ಎತ್ತಿ ತೋರಿಸಿದಾಗ, ಸಾವಿರಾರು ಸಲ ಹೀಗೇ ಆಡಿದ್ದೇವೆ, ಇದು ಚರ್ಚಿಸುವ ಸಂಗತಿಯೇ ಅಲ್ಲ ಎಂಬ ಧಾಟಿಯಲ್ಲಿ ಬೊಲ್ಶೋಯ್ ಥಿಯೇಟರಿನ ಮುಖ್ಯಸ್ಥರು ಉತ್ತರಿಸಿದರು. ನೋಡಿದಿರಾ, ಡಬ್ಬಿಯಲ್ಲಿರುವ ಕಪ್ಪಿಗೆ ಅಲ್ಲಿ ಎಷ್ಟು ಮರ್ಯಾದೆ! ಮೈಯಲ್ಲಿ ಹುಟ್ಟಿ ಬಂದ ಕಪ್ಪಿನದಷ್ಟೇ ತಕರಾರು.

ಆ ಬ್ಯಾಲೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಗೋಲ್ಕೊಂಡದ ನಿಕಿಯಾ ಹಾವು ಕಚ್ಚಿ ಸಾಯುತ್ತಾಳೆ. ಸತ್ತ ಮೇಲಿನ ದೃಶ್ಯವೇ ಬಹಳ ಪ್ರಸಿದ್ಧವಾದ 'ನೆರಳುಗಳ ಲೋಕ'. ಇಳಿಜಾರಿನಿಂದ ಒಬ್ಬರ ಹಿಂದೆ ಒಬ್ಬರಂತೆ ಇಳಿದು ಬರುವ ನೆರಳುಗಳೆಲ್ಲ ಅಪ್ಪಟ ಬಿಳಿ. ಜಗತ್ತಿನಲ್ಲಿ ನೆರಳು ಕೂಡ ಬೆಳ್ಳಗಿರುವುದು ಬ್ಯಾಲೆಯಲ್ಲಿ ಮಾತ್ರ.

ಇವೆಲ್ಲ ಹಳೆಯ ಗೋರಿ ಅಗೆಯುವ ಮಾತು, ಕಾಲ ಬದಲಾಗಿದೆ ಎನ್ನುವ ಉದಾರಿಗಳು ಇದ್ದೇ ಇರುತ್ತಾರೆ. ಬದಲಾಗಿದೆ, ಒಪ್ಪೋಣ. 2018ರಲ್ಲಿ ಕ್ಲೋಯಿ ಲೋಪೆಸ್ ಗೋಮೆಸ್ ಎಂಬ ಫ್ರೆಂಚ್ ನರ್ತಕಿ ಬರ್ಲಿನ್ನಿನ ಸರ್ಕಾರಿ ಬ್ಯಾಲೆಯ ಮೊದಲ ಕಪ್ಪು ಮಹಿಳೆಯಾಗಿ ಸೇರಿದರು. 'ಸ್ವಾನ್ ಲೇಕ್'ಗೆ ಎಲ್ಲರಂತೆ ಬಿಳಿ ಬಳಿದುಕೋ ಎಂದು ತಮಗೂ ಹೇಳಿದ್ದನ್ನು 2020ರಲ್ಲಿ ಬಹಿರಂಗಪಡಿಸಿದರು. ಮರುವರ್ಷ ರಾಜಿಯಾಯಿತು: 16,000 ಯೂರೊ ಪರಿಹಾರ, ಒಂದು ವರ್ಷದ ಒಪ್ಪಂದ ವಿಸ್ತರಣೆ. ಜಾನೆಟ್ ಕಾಲಿನ್ಸ್‌ಗೆ ಮಾಸಿನ್ ಹೇಳಿದ್ದಕ್ಕೂ ಇದಕ್ಕೂ ನಡುವೆ ಸುಮಾರು ತೊಂಬತ್ತು ವರ್ಷ, ಒಂದು ಮಹಾಯುದ್ಧ, ಚಂದ್ರನ ಮೇಲೊಂದು ಹೆಜ್ಜೆ. ಪೌಡರು ಡಬ್ಬಿ ಮಾತ್ರ ಕೂತಲ್ಲಿಂದ ಕದಲಿಲ್ಲ. ಹೌದು, ಈಗ ಅದಕ್ಕೆ ದಂಡ ಕಟ್ಟುತ್ತಾರೆ. ಅದನ್ನೇ ಪ್ರಗತಿ ಎನ್ನುವುದು.

ರೇವನ್ 1974ರಲ್ಲಿ ಅಮೆರಿಕಕ್ಕೆ ಮರಳಿದರು. ನ್ಯೂಯಾರ್ಕ್ ಸಿಟಿ ಆಪೆರಾದಲ್ಲಿ ಕುಣಿದರು. ಕುಣಿಯುವ ವಯಸ್ಸು ದಾಟಿದ ಮೇಲೆ ಸಣ್ಣಪುಟ್ಟ ಪಾತ್ರಗಳಲ್ಲಿ ನಿಂತರು. 2011ರವರೆಗೂ, ಅಂದರೆ ಎಪ್ಪತ್ತೈದು ದಾಟಿದ ಮೇಲೂ, ರಂಗ ಬಿಡಲಿಲ್ಲ. ಇಷ್ಟು ಕಾಲ ಅವರ ಹೆಸರು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಬ್ಯಾಲೆ ರೂಸ್ ಕುರಿತ ಒಂದು ಸಾಕ್ಷ್ಯಚಿತ್ರದಲ್ಲಿ ಈ ಮುದುಕಿ ಮಾತಾಡಿದ್ದನ್ನು ಕಂಡು ಮಿಸ್ಟಿ ಕೋಪ್ಲೆಂಡ್ ಬೆಚ್ಚಿಬಿದ್ದರು. ಇಷ್ಟು ವರ್ಷ ಬ್ಯಾಲೆ ಕಲಿತೆ, ಈಕೆಯ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ ಎಂದು. ಹುಡುಕಿದರೆ ರೇವನ್ ಸಿಕ್ಕಿದ್ದು ಅದೇ ನ್ಯೂಯಾರ್ಕಿನಲ್ಲಿ. ಇಬ್ಬರೂ ಗುರು-ಶಿಷ್ಯೆಯಂತಾದರು.

2015ರ ಜೂನ್ 24ರಂದು ಮಿಸ್ಟಿ ನ್ಯೂಯಾರ್ಕಿನಲ್ಲಿ ಮೊದಲ ಬಾರಿ 'ಸ್ವಾನ್ ಲೇಕ್'ನ ಹಂಸರಾಣಿಯಾಗಿ ಕುಣಿದರು. ಬಿಳಿ ಹಂಸವೂ ಅವರೇ, ಕಪ್ಪು ಹಂಸವೂ ಅವರೇ. ಪರದೆ ಬಿದ್ದ ಮೇಲೆ ಹೂಗುಚ್ಛ ಹಿಡಿದು ರಂಗಕ್ಕೆ ಬಂದವರಲ್ಲಿ ಎಂಬತ್ತು ವರ್ಷದ ರೇವನ್ ಒಬ್ಬರು. ಐವತ್ತು ವರ್ಷಗಳ ಹಿಂದೆ ಯಾವ ವೇಷ ನಿನಗಲ್ಲ ಎಂದಿದ್ದರೋ ಆ ವೇಷದವಳ ಎದುರು ನಿಂತು ಹೂ ಕೊಟ್ಟರು. ಆರು ದಿನ ಕಳೆದು, ಜೂನ್ 30ರಂದು, ಅಮೆರಿಕನ್ ಬ್ಯಾಲೆ ಥಿಯೇಟರ್ ಮಿಸ್ಟಿಯನ್ನು ಪ್ರಧಾನ ನರ್ತಕಿಯೆಂದು ಘೋಷಿಸಿತು. ಆ ಕಂಪನಿಗೆ ಆಗ ಎಪ್ಪತ್ತೈದು ವರ್ಷ. ಒಬ್ಬ ಕಪ್ಪು ಮಹಿಳೆಯನ್ನು ಆ ಸ್ಥಾನಕ್ಕೆ ಏರಿಸಲು ಎಪ್ಪತ್ತೈದು ವರ್ಷ ಯೋಚಿಸಿದ್ದಾರೆ, ದುಡುಕಿದರು ಎಂದು ಯಾರೂ ಹೇಳುವಂತಿಲ್ಲ.

ಕಡೆಗೆ ಒಂದು ಚಪ್ಪಲಿಯ ವಿಷಯ. ಬ್ಯಾಲೆಯ ತುದಿಬೆರಳ ಶೂ ಸಂಪ್ರದಾಯದ ಪ್ರಕಾರ ನಸುಗುಲಾಬಿ ಬಣ್ಣದ್ದು. ಯಾಕೆಂದರೆ ಕಾಲು ಎಲ್ಲಿ ಮುಗಿಯಿತು, ಶೂ ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಮೈಬಣ್ಣಕ್ಕೆ ಹೊಂದಬೇಕು. ಯಾರ ಮೈಬಣ್ಣ ಎಂದು ಕೇಳುವುದು ಅಧಿಕಪ್ರಸಂಗ. ಕಪ್ಪು ನರ್ತಕಿಯರು ಮುಖಕ್ಕೆ ಹಚ್ಚುವ ಕಂದು ಬಣ್ಣ ಕೊಂಡು ತಂದು, ಒಂದೊಂದು ಹೊಸ ಜೋಡಿಗೂ ಕೈಯಾರೆ ಬಳಿದು ಒಣಗಿಸಿಕೊಳ್ಳುತ್ತಾ ಬಂದರು. ಹಾರ್ಲೆಮ್‌ನ ಡಾನ್ಸ್ ಥಿಯೇಟರ್ ಎಂಬ ಕಪ್ಪು ನರ್ತಕರ ತಂಡದವರು ದಶಕಗಳ ಹಿಂದೆಯೇ ತಮ್ಮ ಶೂ, ಕಾಲುಚೀಲಗಳಿಗೆ ತಾವೇ ಬಣ್ಣ ಹಾಕಿಕೊಂಡು ದಾರಿ ತೋರಿಸಿದ್ದರು.

ಲಂಡನ್ನಿನ ಫ್ರೀಡ್ ಕಂಪನಿ ಬ್ಯಾಲೆ ಶೂ ಹೊಲಿಯಲು ಆರಂಭಿಸಿದ್ದು 1929ರಲ್ಲಿ, ರೇವನ್ ಹುಟ್ಟುವುದಕ್ಕೆ ಆರು ವರ್ಷ ಮೊದಲು. ಬ್ಯಾಲೆ ಬ್ಲ್ಯಾಕ್ ಎಂಬ ತಂಡದ ಜೊತೆ ಸೇರಿ ಅದು ಕಂದು ಬಣ್ಣದ ಶೂಗಳನ್ನು ಮಾರುಕಟ್ಟೆಗೆ ತಂದದ್ದು 2018ರಲ್ಲಿ. ಅದೇ ವರ್ಷ ಡಿಸೆಂಬರ್ 17ರಂದು ರೇವನ್ ವಿಲ್ಕಿನ್ಸನ್ ತೀರಿಕೊಂಡರು. ವಯಸ್ಸು ಎಂಬತ್ತಮೂರು.